ತೆಂಗಿನ ನೆರಳಿನಲ್ಲಿ ಹುಲ್ಲು ಮತ್ತು ದ್ವಿದಳ ಮೇವು: ನನ್ನ ಅನುಭವ

ಉಡುಪಿ ಜಿಲ್ಲೆಯ ನಮ್ಮ ತೆಂಗಿನ ತೋಟದಲ್ಲಿ ಹಸುಗಳಿಗಾಗಿ ಗಿನಿ ಹುಲ್ಲನ್ನೂ ದ್ವಿದಳ ಮೇವನ್ನೂ ಬೆರೆಸಿ ಬೆಳೆಸುತ್ತಿದ್ದೇನೆ. ಇದೇ ಮಿಶ್ರಣವನ್ನು ತೋಟದ ಹೊರಗಿನ ಬಯಲಿನಲ್ಲಿಯೂ ಹಾಕಿರುವುದರಿಂದ ನೆರಳಿನ ಪರಿಣಾಮವನ್ನು ಹೋಲಿಸಿ ನೋಡಲು ಸಾಧ್ಯವಾಗಿದೆ.

ತೆಂಗಿನ ನೆರಳು ಎಲ್ಲ ಕಾಲಕ್ಕೂ ಒಂದೇ ಆಗಿರುವುದಿಲ್ಲ. ಮರಗಳಿಗೆ ಸುಮಾರು 8ರಿಂದ 25 ವರ್ಷವಾಗುವ ತನಕ ಗರಿಗಳು ಒತ್ತಾಗಿ ಕೂಡಿಕೊಂಡು ನೆಲಕ್ಕೆ ತೀರ ಕಡಿಮೆ ಬೆಳಕು ಬೀಳುತ್ತದೆ. ಮರ ಎತ್ತರಕ್ಕೆ ಹೋದ ಮೇಲೆ ಓರೆಬಿಸಿಲು ಮತ್ತೆ ಒಳಗೆ ಬರುತ್ತದೆ. ಆದ್ದರಿಂದ ಹಳೆಯ ಮರಗಳಿರುವ ಭಾಗವನ್ನೇ ಆರಿಸಿಕೊಂಡು, ಪ್ರತಿ ಮರದ ಬುಡದ ಸುತ್ತ 6 ಅಡಿ ಬಿಟ್ಟು ಮೇವು ಹಾಕಿದೆ.

ಉಷ್ಣವಲಯದ ಮೇವಿನ ಹುಲ್ಲುಗಳು ಬಹುತೇಕ ಸಿ-4 ಎಂಬ, ಬಲವಾದ ಬಿಸಿಲನ್ನು ಚೆನ್ನಾಗಿ ಬಳಸಿಕೊಳ್ಳುವ ಸಸ್ಯವರ್ಗಕ್ಕೆ ಸೇರಿದವು. ಬಿಸಿಲು ಏರಿದಷ್ಟೂ ಅವು ಹೆಚ್ಚು ಆಹಾರ ತಯಾರಿಸುತ್ತವೆ. ದ್ವಿದಳ ಸಸ್ಯಗಳ ಎಲೆಗೆ ಪೂರ್ಣ ಬಿಸಿಲಿನ ಸುಮಾರು ಅರ್ಧದಷ್ಟೇ ಸಾಕು. ಈ ಲೆಕ್ಕದ ಪ್ರಕಾರ ನೆರಳಿನಲ್ಲಿ ದ್ವಿದಳವೇ ಮೇಲುಗೈ ಸಾಧಿಸಬೇಕಿತ್ತು. ಆದರೆ ತೋಟದಲ್ಲಿ ಕಂಡದ್ದು ಬೇರೆ. ನೆರಳಿಗೆ ಸಿಕ್ಕಿದ ಗಿನಿ ಹುಲ್ಲು ಬೇರಿಗೆ ಕೊಡುವ ಪಾಲನ್ನು ಕಡಿಮೆ ಮಾಡಿ, ದಂಟನ್ನು ನೀಳವಾಗಿಸಿ, ಎಲೆಯನ್ನು ಅಗಲವಾಗಿಯೂ ತೆಳ್ಳಗೂ ಹರಡಿ ಮೇಲೇರುತ್ತದೆ. ಅದರ ಕೆಳಗೆ ಉಳಿದ ದ್ವಿದಳಕ್ಕೆ ಮರದ ನೆರಳಿನ ಜೊತೆಗೆ ಹುಲ್ಲಿನ ನೆರಳೂ ಬೀಳುತ್ತದೆ. ದ್ವಿದಳವನ್ನು ಸೋಲಿಸುವುದು ಮುಖ್ಯವಾಗಿ ಈ ಎರಡನೆಯ ನೆರಳು ಎಂಬುದು ನನ್ನ ದೃಢವಾದ ಅಭಿಪ್ರಾಯ. ಮರದ ನೆರಳನ್ನು ನಾವು ಬದಲಿಸಲಾರೆವು, ಹುಲ್ಲಿನ ನೆರಳು ಮಾತ್ರ ನಮ್ಮ ಕತ್ತಿಯ ಅಳವಿನಲ್ಲಿದೆ.

ದ್ವಿದಳದ ಬೇರುಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದುಕೊಡುತ್ತವೆ. ಹಾಗೆಂದು ಮರಗಳಡಿಯ ಹುಲ್ಲು ಕಡುಹಸಿರಾಗಿರುವುದನ್ನು ನೋಡಿ ದ್ವಿದಳವು ಸಾರಜನಕ ಒದಗಿಸುತ್ತಿದೆ ಎಂದು ತೀರ್ಮಾನಿಸಬಾರದು. ನೆರಳಿನ ಮಣ್ಣು ತಂಪಾಗಿ ತೇವದಿಂದಿರುವುದರಿಂದ ತರಗೆಲೆ ಚೆನ್ನಾಗಿ ಕೊಳೆತು ಸಾರಜನಕ ಬಿಡುಗಡೆಯಾಗುತ್ತದೆ. ಅದು ಮೊದಲು ಹುಲ್ಲಿನ ಪಾಲಾಗುತ್ತದೆ. ದ್ವಿದಳದ ಸ್ಥಿತಿ ತಿಳಿಯಲು ನಾನು ಗಿಡವನ್ನು ಮಣ್ಣುಸಹಿತ ಅಗೆದು ಬೇರುಗಂಟನ್ನು ಸೀಳಿ ನೋಡುತ್ತೇನೆ. ಒಳಗೆ ನಸುಗೆಂಪು ಇದ್ದರೆ ಅದು ಕೆಲಸ ಮಾಡುತ್ತಿದೆ. ಬೇರುಗಂಟಿಗೆ ಬೇಕಾದ ಸಕ್ಕರೆ ಎಲೆಯಿಂದಲೇ ಇಳಿಯಬೇಕಾದ್ದರಿಂದ, ದಟ್ಟ ನೆರಳಿನಲ್ಲಿ ಗಂಟುಗಳು ಕಡಿಮೆಯಾಗಿಯೂ ಸಣ್ಣದಾಗಿಯೂ ಇರುತ್ತವೆ.

ನೆರಳಿನಲ್ಲಿ ಯಾವ ದ್ವಿದಳ ಮೇವು ನಿಲ್ಲುತ್ತದೆಂದು ತಿಳಿಯಲು ಸ್ಟೈಲೋ, ಸೆಂಟ್ರೋಸಿಮಾ ಮತ್ತು ಅಂಗಳದಲ್ಲಿ ಅಲಂಕಾರಕ್ಕೆ ಹಬ್ಬಿಸುವ ಹಳದಿ ಹೂವಿನ ಪಿಂಟೊಯಿ, ಈ ಮೂರನ್ನೂ ಹಾಕಿದ್ದೆ. ಬಯಲಿನಲ್ಲಿ ಸೊಗಸಾಗಿ ಬೆಳೆಯುವ ಸ್ಟೈಲೋ ಮರಗಳಡಿಯಲ್ಲಿ ನಿಲ್ಲಲಿಲ್ಲ. ಸೆಂಟ್ರೋಸಿಮಾ ಬಳ್ಳಿಯಾದ್ದರಿಂದ ಹುಲ್ಲಿನ ದಂಟನ್ನೇ ಹಿಡಿದು ಬೆಳಕಿಗೆ ಏರಿತು. ನೆರಳನ್ನು ಚೆನ್ನಾಗಿ ಸಹಿಸುವ ಪಿಂಟೊಯಿ ಗಿಡ್ಡವಾದ್ದರಿಂದ ಅದನ್ನು ಎತ್ತರದ ಹುಲ್ಲಿನ ಮಧ್ಯೆ ಬಿಡದೆ ಅಂಚುಗಳಲ್ಲಿ ಇರಿಸಿಕೊಂಡಿದ್ದೇನೆ.

ಕಟಾವಿನಲ್ಲಿ ಎರಡು ಎಚ್ಚರಗಳಿವೆ. ನೆರಳಿನ ಹುಲ್ಲಿಗೆ ಬೇರಿನ ಬಲ ಕಡಿಮೆಯಿರುವುದರಿಂದ ನೆಲಮಟ್ಟಕ್ಕೆ ಕೊಯ್ಯದೆ ಒಂದು ಗೇಣು ಬಿಡುತ್ತೇನೆ. ಹಾಗೆಂದು ಅದು ಬಳ್ಳಿಯನ್ನು ಪೂರ್ತಿ ಮುಚ್ಚುವ ತನಕ ಕಾಯುವುದೂ ಇಲ್ಲ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್‌ನ ಮಳೆಗಾಲ) ಮೋಡವೂ ಸೇರಿ ಬೆಳಕು ಮತ್ತಷ್ಟು ಕುಗ್ಗುತ್ತದೆ, ಮೇವಿನಲ್ಲಿ ನೀರಿನಂಶ ಹೆಚ್ಚುತ್ತದೆ. ಆಗ ಬುಟ್ಟಿ ತುಂಬಿದಂತೆ ಕಂಡರೂ ಹಸುವಿಗೆ ಸಿಗುವ ಒಣಾಂಶ ಕಡಿಮೆಯಾದ್ದರಿಂದ ಬೈಹುಲ್ಲನ್ನು ಜೊತೆಗೆ ಕೊಡುತ್ತೇನೆ. ಈ ಭಾಗಕ್ಕೆ ಯೂರಿಯಾ ಹಾಕುವುದಿಲ್ಲ, ಏಕೆಂದರೆ ಅದು ಹುಲ್ಲನ್ನೇ ಎಬ್ಬಿಸಿ ಬೇರುಗಂಟನ್ನು ಕುಗ್ಗಿಸುತ್ತದೆ. ನಮ್ಮ ಹುಳಿ ಮಣ್ಣಿನಲ್ಲಿ ರಂಜಕದ ಕೊರತೆಯಿರುವುದರಿಂದ ಮಳೆಗಾಲದ ಆರಂಭದಲ್ಲಿ ಹಟ್ಟಿಗೊಬ್ಬರದೊಂದಿಗೆ ಶಿಲಾರಂಜಕ (ರಾಕ್ ಫಾಸ್ಫೇಟ್) ಸೇರಿಸುತ್ತೇನೆ.