ಡೆಂಗ್ಯೂನೋ ಚಿಕೂನ್‌ಗುನ್ಯಾನೋ: ಜ್ವರದ ದಿನ ಎಣಿಸುತ್ತ ಕಲಿತದ್ದು

ಜ್ವರದವರು ಬಂದು ಕೂತರೆ ನಾನು ಚೀಟಿಯ ತಲೆಯಲ್ಲಿ ಮೊದಲು ಬರೆಯುವುದು ಇವತ್ತು ಜ್ವರದ ಎಷ್ಟನೇ ದಿನ ಎಂಬುದನ್ನು. 'ಮೂರ್ನಾಲ್ಕು ದಿನ ಆಯ್ತು ಡಾಕ್ಟ್ರೇ' ಅನ್ನುವ ಉತ್ತರ ನನಗೆ ಸಾಲುವುದಿಲ್ಲ. ಮೈ ಮೊದಲು ಬಿಸಿಯಾದದ್ದು ಯಾವತ್ತು, ಬೆಳಿಗ್ಗೆಯೋ ರಾತ್ರಿಯೋ, ಆಗ ಏನು ಮಾಡುತ್ತಿದ್ದಿರಿ ಎಂದು ಕೆದಕಿ ಕೇಳುತ್ತೇನೆ. ಸೊಳ್ಳೆಯಿಂದ ಬರುವ ಈ ಜ್ವರಗಳಲ್ಲಿ ರಕ್ತ ಪರೀಕ್ಷೆಯ ಉತ್ತರ ಬದಲಾಗುವುದೂ, ಅಪಾಯ ಬರುವುದೂ ದಿನದ ಲೆಕ್ಕದ ಮೇಲೆ.

ಡೆಂಗ್ಯೂ, ಚಿಕೂನ್‌ಗುನ್ಯಾ, ಜೀಕಾ ಮೂರನ್ನೂ ಹರಡುವುದು ಹಗಲು ಹೊತ್ತು ಕಚ್ಚುವ ಈಡಿಸ್ ಸೊಳ್ಳೆ. ಹಾಗಾಗಿ ಒಂದೇ ಜಾಗದಲ್ಲಿ, ಒಂದೇ ಕಾಲದಲ್ಲಿ ಮೂರೂ ಇರಬಹುದು. ಒಬ್ಬರಲ್ಲೇ ಎರಡು ಒಟ್ಟಿಗೆ ಬರುವುದೂ ಉಂಟು. ಆದರೆ ವೈರಸ್‌ಗಳ ಕುಲ ಬೇರೆ. ಡೆಂಗ್ಯೂ ಮತ್ತು ಜೀಕಾ ಫ್ಲೇವಿವೈರಸ್‌ಗಳು, ಹತ್ತಿರದ ದಾಯಾದಿಗಳು. ಚಿಕೂನ್‌ಗುನ್ಯಾ ಆಲ್ಫಾವೈರಸ್. ಪ್ರತಿಕಾಯವೆಂದರೆ ವೈರಸ್ ವಿರುದ್ಧ ಮೈ ತಯಾರಿಸುವ ಪ್ರೋಟೀನ್. ಡೆಂಗ್ಯೂ ಮತ್ತು ಜೀಕಾದ ಪ್ರತಿಕಾಯ ಪರೀಕ್ಷೆಗಳು ಒಂದನ್ನೊಂದು ಗೊಂದಲಗೊಳಿಸುವುದು ಈ ನೆಂಟಸ್ತನದಿಂದಲೇ.

ಪರೀಕ್ಷೆಗೆ ಕಳಿಸುವ ಮೊದಲು ಮುಷ್ಟಿ ಕಟ್ಟಲು ಹೇಳುತ್ತೇನೆ. ಆಮೇಲೆ ಕುರ್ಚಿಯಿಂದ ಎದ್ದು ನಾಲ್ಕು ಹೆಜ್ಜೆ ನಡೆಯಲು ಹೇಳುತ್ತೇನೆ. ಚಿಕೂನ್‌ಗುನ್ಯಾ ಆದವರಿಗೆ ಬೆರಳು ಮಡಚುವುದೇ ಕಷ್ಟ; ಪಾದ ಊರುವಾಗ ಮುಖ ಕಿವುಚುತ್ತಾರೆ. ಮಣಿಕಟ್ಟು, ಬೆರಳ ಗೆಣ್ಣು, ಕಾಲಿನ ಹರಡು ಎರಡೂ ಕಡೆ ಒಂದೇ ಥರ ನೋಯುತ್ತವೆ, ಎಷ್ಟೋ ಸಲ ಊದಿಕೊಂಡಿರುತ್ತವೆ. ಜ್ವರವೂ ಇದ್ದಕ್ಕಿದ್ದಂತೆ ಏರುತ್ತದೆ; ಶುರುವಾದ ಗಂಟೆಯನ್ನೇ ಹೇಳುವವರಿದ್ದಾರೆ. ಡೆಂಗ್ಯೂ ನೋವು ಕೀಲಿಗಿಂತ ಹೆಚ್ಚಾಗಿ ಬೆನ್ನಲ್ಲಿ, ಮಾಂಸಖಂಡಗಳಲ್ಲಿ, ಕಣ್ಣಿನ ಹಿಂದೆ ಕೂತಿರುತ್ತದೆ. ಜೊತೆಗೆ ವಾಕರಿಕೆ, ಊಟ ಕಂಡರಾಗದು. ಜೀಕಾದಲ್ಲಿ ಜ್ವರ ಸಣ್ಣದು, ಕೆಲವರಿಗೆ ಇರುವುದೇ ಇಲ್ಲ. ತುರಿಸುವ ದದ್ದು, ಪಿಸುರಿಲ್ಲದೆ ಕೆಂಪಾದ ಕಣ್ಣು. ಸೋಂಕು ತಗುಲಿದವರಲ್ಲಿ ಬಹುಪಾಲು ಜನರಿಗೆ ಯಾವ ಲಕ್ಷಣವೂ ಕಾಣುವುದಿಲ್ಲ.

ಓದಲು ಚೆಂದವಾಗಿರುವ ಈ ವಿಂಗಡಣೆ ಮೊದಲೆರಡು ದಿನದಲ್ಲಿ ಅಷ್ಟಾಗಿ ನಿಲ್ಲುವುದಿಲ್ಲ. ಬರೀ ಲಕ್ಷಣ ನೋಡಿ ಇಂಥದ್ದೇ ಎಂದು ಬರೆದುಕೊಡುವವರ ಧೈರ್ಯ ನನಗಿಲ್ಲ. ಮಲೇರಿಯಾ ಇರುವ ಸೀಮೆಯಾದರೆ ಅದರ ಪರೀಕ್ಷೆಯನ್ನೂ ಅದೇ ದಿನ ಮಾಡಿಸುತ್ತೇನೆ. ಅದಕ್ಕೆ ನೇರವಾದ ಔಷಧವಿದೆ. ತಡಮಾಡಿದರೆ ಜೀವಕ್ಕೆ ಕುತ್ತು.

ಪರೀಕ್ಷೆಯ ಆಯ್ಕೆಯೂ ದಿನ ನೋಡಿಯೇ. ಮೊದಲ ಐದು ದಿನದೊಳಗೆ ಬಂದರೆ ಡೆಂಗ್ಯೂಗೆ ವೈರಸ್ಸಿನ ಪ್ರೋಟೀನ್ ಹುಡುಕುವ ಎನ್‌ಎಸ್‌1 ಮತ್ತು, ಸೌಲಭ್ಯವಿದ್ದಲ್ಲಿ, ಮೂರಕ್ಕೂ ವೈರಸ್ಸಿನ ಆನುವಂಶಿಕ ವಸ್ತುವನ್ನೇ ಹುಡುಕುವ ಆರ್‌ಟಿ-ಪಿಸಿಆರ್. ಐದನೇ ದಿನ ದಾಟಿದ ಮೇಲೆ ಐಜಿಎಂ ಎಂಬ ಪ್ರತಿಕಾಯದ ಪರೀಕ್ಷೆ. ಎರಡನೇ ದಿನವೇ ಬರೀ ಐಜಿಎಂ ಮಾಡಿಸಿ 'ಡೆಂಗ್ಯೂ ಇಲ್ಲ' ಎಂಬ ವರದಿ ಹಿಡಿದು ಬರುವವರನ್ನು ಆಗಾಗ ನೋಡುತ್ತೇನೆ. ಅಷ್ಟು ಬೇಗ ಆ ಪ್ರತಿಕಾಯ ಹುಟ್ಟಿಯೇ ಇರುವುದಿಲ್ಲ. ಇದರ ತಿರುವುಮುರುವೂ ಉಂಟು: ಐಜಿಎಂ ತಿಂಗಳುಗಟ್ಟಲೆ ರಕ್ತದಲ್ಲಿ ಉಳಿಯುವುದರಿಂದ ಅದು ಹೋದ ಸಲದ ಸೋಂಕಿನದ್ದೂ ಆಗಿರಬಹುದು. ಡೆಂಗ್ಯೂ ಎರಡನೇ ಸಲ ಬಂದಾಗ ಎನ್‌ಎಸ್‌1 ತಪ್ಪಿಸಿಕೊಳ್ಳುವ ಸಾಧ್ಯತೆ ಹೆಚ್ಚು. ಹಾಗಾಗಿ ನೆಗೆಟಿವ್ ಎಂಬ ಒಂದೇ ಪದ ನೋಡಿ ನಾನು ರೋಗಿಯನ್ನು ಕೈಬಿಡುವುದಿಲ್ಲ.

ಸಾದಾ ರಕ್ತಕಣ ಎಣಿಕೆಯೇ ಎಷ್ಟೋ ಹೇಳುತ್ತದೆ. ಡೆಂಗ್ಯೂನಲ್ಲಿ ಬಿಳಿ ರಕ್ತಕಣ ಮೊದಲು ಇಳಿಯುತ್ತದೆ, ಆಮೇಲೆ ಪ್ಲೇಟ್‌ಲೆಟ್. ಚಿಕೂನ್‌ಗುನ್ಯಾದಲ್ಲಿ ಲಿಂಫೋಸೈಟ್ ಎಂಬ ಬಗೆಯ ಬಿಳಿ ರಕ್ತಕಣ ಕಡಿಮೆಯಾಗುತ್ತದೆ, ಪ್ಲೇಟ್‌ಲೆಟ್ 1 ಲಕ್ಷಕ್ಕಿಂತ ಕೆಳಗೆ ಹೋಗುವುದು ಅಪರೂಪ.

ಖಚಿತವಾಗುವ ತನಕ ನನ್ನ ಪಾಲಿಗೆ ಎಲ್ಲವೂ ಡೆಂಗ್ಯೂನೇ. ಕೀಲುನೋವಿಗೆ ಎಷ್ಟೇ ಗೋಗರೆದರೂ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಬರೆಯುವುದಿಲ್ಲ, ಪ್ಯಾರಾಸಿಟಮಾಲ್ ಮಾತ್ರ. ಮೊದಲು ಹೇಳಿದ ಆ ಮೂರು ಮಾತ್ರೆಗಳು ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ. ಮನೆಯವರಿಗೆ ಒತ್ತಿ ಹೇಳುವ ಇನ್ನೊಂದು ಮಾತು, ಜ್ವರ ಬಿಟ್ಟ ದಿನ ನಿಶ್ಚಿಂತೆಯ ದಿನವಲ್ಲ. ಡೆಂಗ್ಯೂನಲ್ಲಿ ಮೂರರಿಂದ ಏಳನೇ ದಿನದ ನಡುವೆ ಮೈ ತಣ್ಣಗಾಗುವ ಹೊತ್ತಿಗೇ ರಕ್ತನಾಳಗಳಿಂದ ಪ್ಲಾಸ್ಮಾ, ಅಂದರೆ ರಕ್ತದ ದ್ರವಭಾಗ, ಸೋರಲು ಶುರುವಾಗಬಹುದು. ಮುಂದಿನ 24ರಿಂದ 48 ಗಂಟೆ ಕಣ್ಣಿಟ್ಟು ಕಾಯಬೇಕು. ನಿಲ್ಲದ ವಾಂತಿ, ಹೊಟ್ಟೆನೋವು, ಒಸಡಿನಲ್ಲೋ ಮೂಗಿನಲ್ಲೋ ರಕ್ತ, ವಿಪರೀತ ಸುಸ್ತು ಅಥವಾ ತಳಮಳ: ಇವುಗಳಲ್ಲಿ ಒಂದು ಕಂಡರೂ ಆಸ್ಪತ್ರೆಗೆ. ಎಲ್ಲರೂ ಪ್ಲೇಟ್‌ಲೆಟ್ ಎಷ್ಟು ಎಂದೇ ಕೇಳುತ್ತಾರೆ. ನಾನು ಅದರ ಪಕ್ಕದಲ್ಲಿರುವ, ರಕ್ತದಲ್ಲಿ ಕೆಂಪು ಕಣಗಳ ಪಾಲು ತಿಳಿಸುವ ಹೆಮಟೋಕ್ರಿಟ್ ಏರುತ್ತಿದೆಯಾ ಎಂದು ನೋಡುತ್ತೇನೆ, ಸೋರಿಕೆಯ ಸುಳಿವು ಸಿಗುವುದು ಅಲ್ಲಿ.

ಜ್ವರ ಹೋದ ಮೇಲಿನ ಕಥೆ ಮೂರರಲ್ಲೂ ಬೇರೆ ಬೇರೆ. ನನ್ನ ಬಳಿ ಮತ್ತೆ ಮತ್ತೆ ಬರುವವರು ಚಿಕೂನ್‌ಗುನ್ಯಾದವರು. ಜ್ವರ ವಾರದೊಳಗೆ ಹೋಗಿರುತ್ತದೆ, ಕೀಲುನೋವು ಮಾತ್ರ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ. ಬೆಳಿಗ್ಗೆ ಎದ್ದಾಗ ಕೈ ಬಿಗಿ, ಚಳಿಗೆ ಹೆಚ್ಚು, ನಡುವೆ ಒಂದಷ್ಟು ದಿನ ಹಗುರ, ಮತ್ತೆ ಊತ. ವಯಸ್ಸಾದವರಿಗೆ, ಮೊದಲೇ ಕೀಲಿನ ತೊಂದರೆ ಇದ್ದವರಿಗೆ, ಶುರುವಿನಲ್ಲೇ ತೀವ್ರ ನೋವಿದ್ದವರಿಗೆ ಇದು ಹೆಚ್ಚು ಕಾಡುತ್ತದೆ. 2005-06ರಲ್ಲಿ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಜನಸಂಖ್ಯೆಯ ಮೂರನೇ ಒಂದು ಭಾಗಕ್ಕೂ ಹೆಚ್ಚು ಮಂದಿಗೆ ಈ ಸೋಂಕು ತಗುಲಿತ್ತು. ಈ ದೀರ್ಘಕಾಲದ ನೋವಿನ ಬಗ್ಗೆ ವೈದ್ಯಲೋಕಕ್ಕೆ ತಿಳಿದದ್ದರಲ್ಲಿ ದೊಡ್ಡ ಪಾಲು ಅಲ್ಲಿನ ರೋಗಿಗಳಿಂದ ಬಂದದ್ದು.

ಡೆಂಗ್ಯೂ ಅಲ್ಲವೆಂದು ಖಾತ್ರಿಯಾಗಿ, ಎರಡು ವಾರ ಕಳೆದ ಮೇಲೆ, ಮೂತ್ರಪಿಂಡ ಮತ್ತು ಹೊಟ್ಟೆಯ ಸ್ಥಿತಿ ನೋಡಿಕೊಂಡು ಉರಿಯೂತ ತಗ್ಗಿಸುವ ನೋವಿನ ಮಾತ್ರೆ ಕೊಡುತ್ತೇನೆ. ಸ್ಟಿರಾಯ್ಡ್ ವಿಷಯದಲ್ಲಿ ಕೈ ಬಿಗಿ. ತೆಗೆದುಕೊಂಡಾಗ ಪವಾಡದಂತೆ ನೋವು ಮಾಯ, ನಿಲ್ಲಿಸಿದರೆ ದುಪ್ಪಟ್ಟಾಗಿ ವಾಪಸು. ಆಮೇಲೆ ಅದನ್ನು ಬಿಡಿಸುವುದೇ ಒಂದು ಚಿಕಿತ್ಸೆ. ಮೂರು ತಿಂಗಳು ದಾಟಿದರೂ ಊತ ಇದ್ದರೆ ರುಮಟಾಯ್ಡ್ ಸಂಧಿವಾತವೇ ಎಂದು ಪರೀಕ್ಷಿಸಬೇಕು. ಹೊರನೋಟಕ್ಕೆ ಎರಡೂ ಅವಳಿ. ರುಮಟಾಯ್ಡ್ ಗುರುತಿಸಲು ಮಾಡಿಸುವ ಆಂಟಿ-ಸಿಸಿಪಿ ರಕ್ತ ಪರೀಕ್ಷೆ ಚಿಕೂನ್‌ಗುನ್ಯಾದಲ್ಲಿ ಸಾಮಾನ್ಯವಾಗಿ ನೆಗೆಟಿವ್. ಹೀಗೆ ಊತ ಇಳಿಯದವರನ್ನು ಕೀಲುರೋಗ ತಜ್ಞರಿಗೆ ಕಳಿಸುತ್ತೇನೆ, ರೋಗನಿರೋಧಕ ವ್ಯವಸ್ಥೆಯ ಅಬ್ಬರ ತಗ್ಗಿಸುವ ಮೆಥೊಟ್ರೆಕ್ಸೇಟ್ ಬೇಕೇ ಎಂಬ ತೀರ್ಮಾನ ಅವರದ್ದು. ಉಳಿದವರಿಗೆ ಬಿಸಿನೀರಲ್ಲಿ ಕೈ ಅದ್ದಿ ಬೆರಳಾಡಿಸುವುದು, ನೋವು ಮಿತಿಮೀರದಷ್ಟು ನಡಿಗೆ. ಪೂರ್ತಿ ಮಲಗಿಬಿಟ್ಟವರ ಬಿಗಿತ ಬೇಗ ಬಿಡುವುದನ್ನು ನಾನು ಕಂಡಿಲ್ಲ.

ಡೆಂಗ್ಯೂ ನಂತರ ಉಳಿಯುವುದು ಸುಸ್ತು. ವಾರಗಟ್ಟಲೆ ಮೆಟ್ಟಿಲು ಹತ್ತಿದರೆ ಏದುಸಿರು, ಮಂಕು, ಕೆಲಸದಲ್ಲಿ ಮನಸ್ಸು ನಿಲ್ಲದು. ಎರಡು-ಮೂರು ತಿಂಗಳ ನಂತರ ಕೂದಲು ಗೊಂಚಲಾಗಿ ಉದುರಿದಾಗ ಗಾಬರಿಯಿಂದ ಬರುತ್ತಾರೆ. ಅದು ತಾನಾಗಿ ಮರಳುತ್ತದೆ. ಇದಕ್ಕಿಂತ ಮುಖ್ಯ, ಡೆಂಗ್ಯೂ ವೈರಸ್‌ನಲ್ಲಿ ನಾಲ್ಕು ಬಗೆ. ಒಂದು ಬಂದು ಹೋದ ಮೇಲೆ ಇನ್ನೊಂದು ಬಗೆ ತಗುಲಿದರೆ ಕಾಯಿಲೆ ಉಲ್ಬಣಿಸುವ ಸಾಧ್ಯತೆ ಹೆಚ್ಚು. ಹಾಗಾಗಿ ಖಚಿತಪಟ್ಟ ಡೆಂಗ್ಯೂವನ್ನು ತಾರೀಖು ಸಮೇತ ಬರೆದುಕೊಟ್ಟು, ಮುಂದೆ ಯಾವ ಜ್ವರಕ್ಕೆ ಯಾರ ಬಳಿ ಹೋದರೂ ತೋರಿಸಿ ಎನ್ನುತ್ತೇನೆ.

ಬಸುರಿಯರ ವಿಷಯಕ್ಕೆ ಬಂದರೆ ಲೆಕ್ಕವೇ ಬೇರೆ. ಜೀಕಾ ತಾಯಿಯನ್ನು ಹೆಚ್ಚು ಕಾಡದೆ ಹೊಟ್ಟೆಯಲ್ಲಿರುವ ಮಗುವಿನ ಮಿದುಳನ್ನು ಹಾಳುಮಾಡಬಲ್ಲದು. 1947ರಲ್ಲಿ ಉಗಾಂಡಾದ ಕಾಡಿನ ಕೋತಿಯೊಂದರಲ್ಲಿ ಪತ್ತೆಯಾದ ಈ ವೈರಸ್ಸನ್ನು ಬಹುಕಾಲ ಯಾರೂ ಲೆಕ್ಕಕ್ಕಿಟ್ಟಿರಲಿಲ್ಲ. 2015ರಲ್ಲಿ ಬ್ರೆಜಿಲ್‌ನಲ್ಲಿ ಸಣ್ಣ ತಲೆಯ ಶಿಶುಗಳು ಹೆಚ್ಚಿದಾಗ ಕಣ್ಣು ತೆರೆಯಿತು. 2016ರ ಫೆಬ್ರುವರಿ 1ರಂದು ವಿಶ್ವ ಆರೋಗ್ಯ ಸಂಸ್ಥೆ ತುರ್ತುಸ್ಥಿತಿ ಘೋಷಿಸಿತು. ದೊಡ್ಡವರಲ್ಲೂ ಅಪರೂಪಕ್ಕೆ ಗಿಲಾನ್-ಬಾರೆ ಎಂಬ ನರದ ಕಾಯಿಲೆ ಬಂದು ಕಾಲು ಸೋಲಬಹುದು. ಆದ್ದರಿಂದ ಜೀಕಾ ಇರುವ ಕಡೆಯಲ್ಲಿ ಬಸುರಿಗೆ ಸಣ್ಣ ದದ್ದು ಬಂದರೂ ರಕ್ತ, ಮೂತ್ರ ಎರಡರ ಪಿಸಿಆರ್ ತಕ್ಷಣ ಮಾಡಿಸುತ್ತೇನೆ. ಮೂತ್ರದಲ್ಲಿ ವೈರಸ್ ರಕ್ತದಲ್ಲಿರುವುದಕ್ಕಿಂತ ಹೆಚ್ಚು ದಿನ ಸಿಗುತ್ತದೆ. ಗಂಡನಿಗೆ ಸೋಂಕು ತಗುಲಿದ್ದರೆ ಹೆರಿಗೆಯ ತನಕ ಕಾಂಡೋಮ್ ಕಡ್ಡಾಯ, ಮಗು ಬೇಕೆನ್ನುವವರಾದರೆ ಮೂರು ತಿಂಗಳು ಕಾಯಲು ಹೇಳುತ್ತೇನೆ. ಚಿಕೂನ್‌ಗುನ್ಯಾದ ಗಂಡಾಂತರ ಹೆರಿಗೆಯ ಹೊತ್ತಿನಲ್ಲಿ: ಆಗ ತಾಯಿಯ ರಕ್ತದಲ್ಲಿ ವೈರಸ್ ಇದ್ದರೆ ಶಿಶುವಿಗೆ ದಾಟುವ ಸಂಭವ ಹೆಚ್ಚು, ಸಿಸೇರಿಯನ್ ಮಾಡಿದರೂ ಅದು ತಪ್ಪುವುದಿಲ್ಲ. ಅಂಥ ಮಗುವನ್ನು ಮೊದಲ ವಾರ ಪೂರ್ತಿ ಆಸ್ಪತ್ರೆಯಲ್ಲೇ ಇರಿಸಿಕೊಳ್ಳುವಂತೆ ಮಕ್ಕಳ ವೈದ್ಯರಿಗೆ ಮೊದಲೇ ಹೇಳಿಡುತ್ತೇನೆ. ಜೀಕಾ ತಗುಲಿದ ತಾಯಿಯ ಮಗು ಹುಟ್ಟಿದಾಗ ತಲೆಯ ಸುತ್ತಳತೆ ಸರಿಯಿದ್ದರೂ ಕಣ್ಣು, ಕಿವಿ, ಬೆಳವಣಿಗೆಯ ತಪಾಸಣೆಗೆ ಮತ್ತೆ ಮತ್ತೆ ಕರೆಸುತ್ತೇನೆ.