ವಲಸೆ ಬಂದ ಮಗುವನ್ನು ಫುಟ್‌ಬಾಲ್ ಮೈದಾನಕ್ಕೆ ತರುವುದು ಹೇಗೆ: ಅಲ್ಫೋನ್ಸೊ ಡೇವಿಸ್‌ನಿಂದ ನಾನು ಕಲಿತದ್ದು

ಹೊಸನಗರ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ದೈಹಿಕ ಶಿಕ್ಷಕಿ. ಅಡಿಕೆ ಕೊಯ್ಲು ಶುರುವಾದರೆ ನಮ್ಮ ಶಾಲೆಗೆ ಹೊಸ ಮಕ್ಕಳು ಬರುತ್ತಾರೆ. ಅಪ್ಪ ಅಮ್ಮ ತೋಟದ ಕೆಲಸಕ್ಕೆ ಹಾವೇರಿ, ಕೊಪ್ಪಳ ಕಡೆಯಿಂದ ಬಂದವರು. ಇವರನ್ನು ನಿರಾಶ್ರಿತರು ಅನ್ನುವುದು ಸರಿಯಲ್ಲ. ಯುದ್ಧಕ್ಕೆ ಹೆದರಿ ದೇಶವನ್ನೇ ಬಿಟ್ಟವರ ಕಷ್ಟ ಬೇರೆ. ಆದರೆ ಮೈದಾನಕ್ಕೆ ಬರುವ ದಾರಿಯಲ್ಲಿ ಇಬ್ಬರಿಗೂ ಅಡ್ಡ ನಿಲ್ಲುವುದು ಹೆಚ್ಚುಕಡಿಮೆ ಒಂದೇ: ದುಡ್ಡು, ಶೂ, ಬಸ್ಸು, ಮನೆಯ ಪುಟ್ಟ ಮಗು, ಕಾಗದಪತ್ರ. ಅದಕ್ಕೇ ಹೊಸದಾಗಿ ಕೆಲಸಕ್ಕೆ ಸೇರಿದ ಪಿ.ಇ. ಟೀಚರ್‌ಗಳಿಗೆ ನಾನು ಕೆನಡಾದ ಫುಟ್‌ಬಾಲ್ ಆಟಗಾರ ಅಲ್ಫೋನ್ಸೊ ಡೇವಿಸ್ ಕಥೆ ಹೇಳುತ್ತೇನೆ.

ಅವನು ಹುಟ್ಟಿದ್ದು 2000ದ ನವೆಂಬರ್‌ನಲ್ಲಿ, ಘಾನಾ ದೇಶದ ಬುಡುಬುರಾಮ್ ನಿರಾಶ್ರಿತರ ಶಿಬಿರದಲ್ಲಿ. ಅಪ್ಪ ಅಮ್ಮ ಲೈಬೀರಿಯಾದ ಅಂತರ್ಯುದ್ಧದಿಂದ ಜೀವ ಉಳಿಸಿಕೊಂಡು ಬಂದವರು. ಅವನಿಗೆ 5 ವರ್ಷವಾದಾಗ ಕುಟುಂಬ ಕೆನಡಾಕ್ಕೆ ಹೋಯಿತು, ಆಮೇಲೆ ಎಡ್ಮಂಟನ್ ನಗರದಲ್ಲಿ ನೆಲೆಸಿತು. ಅಲ್ಲಿ ಶಾಲೆ ಬಿಟ್ಟ ಮೇಲೆ ಆಡಿಸುವ ‘ಫ್ರೀ ಫುಟಿ’ ಅನ್ನುವ ಕಾರ್ಯಕ್ರಮ ಇತ್ತು. ಫೀಸು ಇಲ್ಲ. ಆಟದ ಸಾಮಾನು, ಹೋಗಿಬರುವ ವ್ಯವಸ್ಥೆ ಎಲ್ಲಾ ಅವರದೇ. ಡೇವಿಸ್ ಆಡಲು ಶುರು ಮಾಡಿದ್ದು ಅಲ್ಲಿ.

ಹಾಗಾಗಿ ಮೊದಲನೇ ದಿನವೇ ಸೆಲೆಕ್ಷನ್ ಇಡಬೇಡಿ. ಅವತ್ತು ಯಾರು ಬಂದಿಲ್ಲ ನೋಡಿ. ಯಾಕೆ ಬಂದಿಲ್ಲ ಅಂತ ಮನೆಗೇ ಹೋಗಿ ಕೇಳಿ.

ಒಂದು ಮನೆಯಲ್ಲಿ ನನಗೆ ಸಿಕ್ಕ ಉತ್ತರ ಇದು: “ನಾವು ಅಡಿಕಿ ಸುಲಿಯಾಕ ಹೋದ್ರ ಕೂಸಿನ್ನ ಯಾರ್ ನೋಡ್ಬೇಕ್ರಿ ಮೇಡಂ?” ಸುಗ್ಗಿಯಲ್ಲಿ ಸುಲಿಯುವ ಕೆಲಸ ರಾತ್ರಿವರೆಗೂ ನಡೆಯುತ್ತದೆ. ತಂಗಿ ತಮ್ಮಂದಿರನ್ನು ನೋಡಿಕೊಳ್ಳುವುದು ದೊಡ್ಡ ಮಗುವಿನ ಪಾಲು. ಡೇವಿಸ್ ಮನೆಯಲ್ಲೂ ಅಪ್ಪ ಅಮ್ಮ ದುಡಿಯಲು ಹೋದರೆ ಚಿಕ್ಕವರನ್ನು ನೋಡಿಕೊಳ್ಳುತ್ತಿದ್ದವನು ಅವನೇ. ಇದಕ್ಕೆ ಬುದ್ಧಿವಾದ ಉಪಯೋಗವಿಲ್ಲ. ಕೂಸನ್ನೂ ಮೈದಾನಕ್ಕೆ ಕರೆತರಲಿ ಅನ್ನಿ. ನೆರಳಿನಲ್ಲಿ ಒಂದು ಚಾಪೆ ಹಾಕಿ. ಆಡುವವರಲ್ಲಿ ಒಬ್ಬೊಬ್ಬರೇ ಸರದಿ ಮೇಲೆ ನೋಡಿಕೊಳ್ಳಲಿ. ಸಂಜೆಯ ಕೊನೆ ಬಸ್ಸು ಬೇಗ ಹೋಗುತ್ತದೆ ಅಂತಾದರೆ ಅಭ್ಯಾಸವನ್ನು ಬೆಳಗ್ಗೆ ಪ್ರಾರ್ಥನೆಗೆ ಮುಂಚೆ ಇಟ್ಟುಕೊಳ್ಳಿ.

ಶೂ ವಿಷಯದಲ್ಲಿ ತುಂಬಾ ಹುಷಾರಾಗಿರಿ. ಸ್ಟಡ್ಸ್ (ಅಡಿಯಲ್ಲಿ ಗಟ್ಟಿ ಉಬ್ಬುಗಳಿರುವ ಶೂ) ಹಾಕಿದವರನ್ನೂ ಬರಿಗಾಲಿನವರನ್ನೂ ಒಟ್ಟಿಗೆ ಆಡಿಸಲೇಬಾರದು. ಬೆರಳು ಜಜ್ಜಿಹೋಗುತ್ತದೆ, ಮಗು ಮತ್ತೆ ಬರುವುದಿಲ್ಲ. ಎಲ್ಲರಿಗೂ ಸಾಲುವಷ್ಟು ಸಿಗುವವರೆಗೆ ಎಲ್ಲರೂ ಬರಿಗಾಲಲ್ಲೇ ಆಡಲಿ. ಹಳೇ ವಿದ್ಯಾರ್ಥಿಗಳ ಹತ್ತಿರ ಕೇಳಿ ಶೂ ಕೂಡಿಸಿ, ಅಳತೆ ಬರೆದು ಶಾಲೆಯಲ್ಲೇ ಇಡಿ. ಮಳೆಗಾಲದಲ್ಲಿ ಒದ್ದೆ ಶೂಗಳನ್ನು ಒಲೆ ಹತ್ತಿರ ಒಣಗಿಸಿದರೆ ಅಂಟು ಬಿಡುತ್ತದೆ. ಒಳಗೆ ಹಳೇ ಪೇಪರ್ ತುರುಕಿ ಗಾಳಿಗೆ ಇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈದಾನ ಕೆಸರು, ಸುತ್ತಲೂ ರಕ್ತ ಹೀರುವ ಉಂಬಳ. ಆದರೂ ನಿಲ್ಲಿಸಬೇಡಿ. ಜಗುಲಿಯ ಗೋಡೆಗೆ ಚೆಂಡು ಹೊಡೆದು ಎರಡೂ ಕಾಲಲ್ಲಿ ಹಿಡಿತ ಕಲಿಸಲು ಅದೇ ಒಳ್ಳೆ ಕಾಲ.

ಕಾಗದಪತ್ರ ಬೇಸರದ ಕೆಲಸ, ನಿಜ. ಆದರೂ ಶಾಲೆ ಶುರುವಾದ ಕೂಡಲೇ ಹಿಡಿಯಿರಿ. ಜನನ ಪ್ರಮಾಣಪತ್ರ, ಆಧಾರ್, ಟಿ.ಸಿ. ಮೂರರಲ್ಲೂ ಹೆಸರು ಮತ್ತು ಹುಟ್ಟಿದ ದಿನ ಒಂದೇ ಇದೆಯಾ ನೋಡಿ. ವಲಯ ಮಟ್ಟದ ಪಂದ್ಯ ಹತ್ತಿರ ಬಂದಾಗ ನೋಡಿದರೆ ಸರಿಪಡಿಸಲು ಸಮಯ ಇರುವುದಿಲ್ಲ. ಡೇವಿಸ್ 15ನೇ ವಯಸ್ಸಿಗೇ ಕೆನಡಾದ ವ್ಯಾಂಕೂವರ್ ವೈಟ್‌ಕ್ಯಾಪ್ಸ್ ಕ್ಲಬ್ ಪರ ದೊಡ್ಡವರ ಲೀಗ್ ಆಡಿದ್ದ. ಕೆನಡಾದ ಪೌರತ್ವ ಸಿಕ್ಕಿದ್ದು 2017ರ ಜೂನ್‌ನಲ್ಲಿ. ಅದೇ ತಿಂಗಳು ದೇಶದ ಹಿರಿಯರ ತಂಡಕ್ಕೆ ಆಡಿದ. ಆಟ ಮೊದಲೇ ತಯಾರಿತ್ತು, ಕಾದದ್ದು ಕಾಗದಕ್ಕೆ.

ಇನ್ನೊಂದು ಮಾತನ್ನು ಪೋಷಕರಿಗೆ ಒತ್ತಿ ಹೇಳಿ. “ನಿಮ್ಮ ಹುಡುಗನನ್ನು ವಿದೇಶಿ ಕ್ಲಬ್ಬಿಗೆ ಸೇರಿಸುತ್ತೇನೆ, ದುಡ್ಡು ಕೊಡಿ” ಅಂತ ಯಾರಾದರೂ ಬಂದರೆ ನಂಬಬೇಡಿ. 18 ತುಂಬದ ಆಟಗಾರ ಒಂದು ದೇಶದಿಂದ ಇನ್ನೊಂದು ದೇಶದ ಕ್ಲಬ್ಬಿಗೆ ಹೋಗುವುದನ್ನು ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾದ ನಿಯಮ ತಡೆಯುತ್ತದೆ. ವಿನಾಯಿತಿ ಕೆಲವೇ ಕೆಲವು. ಡೇವಿಸ್‌ನಂಥವನೇ ಕಾಯಬೇಕಾಯಿತು. ಜರ್ಮನಿಯ ಬಯರ್ನ್ ಮ್ಯೂನಿಕ್ ಕ್ಲಬ್ ಜೊತೆ 2018ರ ಜುಲೈನಲ್ಲಿ ಮಾತು ಮುಗಿದಿದ್ದರೂ, 18 ತುಂಬಿದ ಮೇಲೆ 2019ರ ಜನವರಿಯಲ್ಲೇ ಅಲ್ಲಿಗೆ ಸೇರಿದ್ದು.

“ಆಡಿದರೆ ಓದು ಹಾಳಾಗುತ್ತೆ, ಅದೂ ಹೆಣ್ಣುಮಗು” ಅನ್ನುವ ಅಮ್ಮಂದಿರಿಗೆ ನಾನು ನಾದಿಯಾ ನಾದಿಮ್ ಫೋಟೋ ತೋರಿಸುತ್ತೇನೆ. ಅಫ್ಘಾನಿಸ್ತಾನದ ಹೆರಾತ್‌ನಲ್ಲಿ ಹುಟ್ಟಿದವಳು. ಅಪ್ಪನನ್ನು ತಾಲಿಬಾನ್ ಕೊಂದ ಮೇಲೆ ಅಮ್ಮ, ಅಕ್ಕತಂಗಿಯರ ಜೊತೆ ಡೆನ್ಮಾರ್ಕ್ ಸೇರಿ, ಆ ದೇಶಕ್ಕೇ ಆಡಿದಳು. ಆಡುತ್ತಲೇ ಓದಿ 2022ರಲ್ಲಿ ಡಾಕ್ಟರ್ ಆದಳು. ಅಮ್ಮಂದಿರು ಫೋಟೋವನ್ನು ತುಂಬಾ ಹೊತ್ತು ನೋಡುತ್ತಾರೆ.

ಮಗುವಿಗೆ ಇದೇ ಜಾಗ ಅಂತ ಬೇಗ ಗಟ್ಟಿ ಮಾಡಬೇಡಿ. ಡೇವಿಸ್ ಮುಂದೆ ಆಡುವ ವಿಂಗರ್ ಆಗಿದ್ದ. 2019ರಲ್ಲಿ ಬಯರ್ನ್‌ನ ಡಿಫೆಂಡರ್‌ಗಳು ಗಾಯಗೊಂಡಾಗ ಅವನನ್ನು ಹಿಂದೆ ನಿಂತು ಕಾಯುವ ಎಡಗಡೆಯ ಬ್ಯಾಕ್ ಮಾಡಿದರು. ಮಾರನೇ ವರ್ಷ ಅದೇ ಜಾಗದಲ್ಲಿ ಆಡಿ ಯುರೋಪಿನ ಕ್ಲಬ್ಬುಗಳ ದೊಡ್ಡ ಟೂರ್ನಿ ಚಾಂಪಿಯನ್ಸ್ ಲೀಗ್ ಗೆದ್ದ. ಪೆನಾಲ್ಟಿಯಲ್ಲಿ ಗೋಲು ಹೊಡೆಯಲಾಗದ ಮಗುವನ್ನು ಬೈಯಬೇಡಿ, ಮುಂದಿನ ಪಂದ್ಯದಲ್ಲೂ ಅದಕ್ಕೇ ಕೊಡಿ. 2022ರ ವಿಶ್ವಕಪ್‌ನಲ್ಲಿ ಬೆಲ್ಜಿಯಂ ಎದುರು ಡೇವಿಸ್ ಹೊಡೆದ ಪೆನಾಲ್ಟಿ ಗೋಲಾಗಲಿಲ್ಲ. ನಾಲ್ಕೇ ದಿನಕ್ಕೆ, ಕ್ರೊಯೇಷಿಯಾ ಎದುರು ಎರಡನೇ ನಿಮಿಷದಲ್ಲೇ ಗೋಲು ಹೊಡೆದ. ಪುರುಷರ ವಿಶ್ವಕಪ್‌ನಲ್ಲಿ ಕೆನಡಾ ಆಟಗಾರ ಹೊಡೆದ ಮೊದಲ ಗೋಲು ಅದು.

ಕೊಯ್ಲು ಮುಗಿದರೆ ನಮ್ಮ ಮಕ್ಕಳು ಹೊರಟುಹೋಗುತ್ತಾರೆ. ಡೇವಿಸ್‌ನನ್ನು ಶಾಲೆಯವರು ಕ್ಲಬ್ಬಿಗೆ, ಕ್ಲಬ್ಬಿನವರು ವ್ಯಾಂಕೂವರ್‌ಗೆ ದಾಟಿಸಿದರು. ಅದನ್ನೇ ನೀವೂ ಮಾಡಿ. ಹೊರಡುವ ಮುಂಚೆ ಒಂದು ಹಾಳೆಯಲ್ಲಿ ಬರೆದು ಕೊಡಿ: ಹುಟ್ಟಿದ ದಿನ, ಯಾವ ಕಾಲು ಬಲ, ಎಲ್ಲೆಲ್ಲಿ ಆಡಿಸಿದ್ದೀರಿ, ಏನು ಕಲಿಯುವುದು ಬಾಕಿ, ಶೂ ಅಳತೆ, ನಿಮ್ಮ ಫೋನ್ ನಂಬರ್. ಊರಿನ ಶಾಲೆಯ ಹೆಸರು ಕೇಳಿಕೊಂಡು ಅಲ್ಲಿನ ಪಿ.ಇ. ಟೀಚರ್‌ಗೆ ನೀವೇ ಫೋನ್ ಮಾಡಿ. ಮೊದಲ ಸಲ ಎತ್ತದಿದ್ದರೆ ಮಾರನೇ ದಿನ ಮತ್ತೆ ಮಾಡಿ.