ಎಕ್ಸ್‌ಟರ್ನಲ್ ಡಿಸ್ಕಿನ ಡ್ರೈವ್ ಲೆಟರ್ ಪದೇ ಪದೇ ಬದಲಾಗದಂತೆ ಮಾಡುವುದು ಹೇಗೆ?

ನಿನ್ನೆ ಎಫ್ ಆಗಿದ್ದ ಹಾರ್ಡ್ ಡಿಸ್ಕ್ ಇವತ್ತು ಜಿ ಆಗಿ ಕೂತಿರುತ್ತದೆ. ಶಾರ್ಟ್‌ಕಟ್‌ಗಳು ತೆರೆಯುವುದಿಲ್ಲ, ಫೋಟೊ ಸಾಫ್ಟ್‌ವೇರ್ ಚಿತ್ರಗಳೇ ಕಾಣೆಯಾಗಿವೆ ಎನ್ನುತ್ತದೆ, ರಾತ್ರಿ ನಡೆಯಬೇಕಿದ್ದ ಬ್ಯಾಕಪ್ ಅರ್ಧಕ್ಕೇ ನಿಂತಿರುತ್ತದೆ. ವಿಂಡೋಸ್‌ನಲ್ಲಿ ಇದನ್ನು ಸರಿಪಡಿಸುವುದು ಎರಡು ನಿಮಿಷದ ಕೆಲಸ. ಆದರೆ ಸಿಕ್ಕ ಅಕ್ಷರ ಕೊಟ್ಟು ಸುಮ್ಮನಾದರೆ ಕೆಲವೇ ದಿನಗಳಲ್ಲಿ ಮತ್ತೆ ಅದೇ ಪಾಡು.

ಅಕ್ಷರ ಎಲ್ಲಿ ದಾಖಲಾಗಿರುತ್ತದೆ?

ಡ್ರೈವ್ ಲೆಟರ್ ಡಿಸ್ಕಿನ ಮೇಲೆ ಇರುವುದಿಲ್ಲ. ಅದು ಇರುವುದು ಆಯಾ ಕಂಪ್ಯೂಟರಿನ ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಟ್ಟುಕೊಳ್ಳುವ ಜಾಗ), ಲೋಕಲ್ ಮಷೀನ್ ಭಾಗದ ಸಿಸ್ಟಮ್ ಕೆಳಗಿನ ಮೌಂಟೆಡ್‌ಡಿವೈಸಸ್ ಎಂಬ ಕೀಯಲ್ಲಿ. ಅಲ್ಲಿ ಪ್ರತಿ ಅಕ್ಷರದ ಎದುರು ಒಂದು ಗುರುತು ಇರುತ್ತದೆ. ಡಿಸ್ಕನ್ನು ಪಾರ್ಟಿಷನ್‌ಗಳಾಗಿ, ಅಂದರೆ ಭಾಗಗಳಾಗಿ, ವಿಂಗಡಿಸುವ ಪದ್ಧತಿ ಎರಡು: ಹಳೆಯದು ಎಂಬಿಆರ್, ಹೊಸದು ಜಿಪಿಟಿ. ಎಂಬಿಆರ್ ಡಿಸ್ಕಾದರೆ 4 ಬೈಟಿನ ಡಿಸ್ಕ್ ಸಿಗ್ನೇಚರ್, ಅದರ ಜೊತೆಗೆ ಪಾರ್ಟಿಷನ್ ಎಲ್ಲಿಂದ ಶುರು ಎಂದು ಹೇಳುವ 8 ಬೈಟ್. ಜಿಪಿಟಿ ಡಿಸ್ಕಾದರೆ ಪಾರ್ಟಿಷನ್ನಿನದೇ ಆದ 16 ಬೈಟಿನ ಐಡಿ. ಪೆನ್ ಡ್ರೈವಿಗೆ ಮಾತ್ರ ತಯಾರಕರ ಹೆಸರು, ಮಾಡೆಲ್, ಸೀರಿಯಲ್ ನಂಬರ್ ಸೇರಿದ ಒಂದು ಉದ್ದನೆಯ ಸಾಲು.

ಇಷ್ಟು ಗೊತ್ತಿದ್ದರೆ ಎಷ್ಟೋ ಗೊಂದಲ ತಾನಾಗಿ ಬಗೆಹರಿಯುತ್ತದೆ. ಡಿಸ್ಕನ್ನು ಬರೀ ಫಾರ್ಮ್ಯಾಟ್ ಮಾಡಿದರೆ ಅಕ್ಷರ ಹೋಗುವುದಿಲ್ಲ, ಯಾಕೆಂದರೆ ಪಾರ್ಟಿಷನ್ ಅದೇ. ಜಿಪಿಟಿ ಡಿಸ್ಕಿನಲ್ಲಿ ಪಾರ್ಟಿಷನ್ ಅಳಿಸಿ ಹೊಸದು ಮಾಡಿದರೆ ಐಡಿಯೂ ಹೊಸದು, ಹಳೆಯ ಅಕ್ಷರದ ನಂಟು ಅಲ್ಲಿಗೆ ಕಡಿದಂತೆ. ಇನ್ನೊಂದು ಕಂಪ್ಯೂಟರಿಗೆ ಡಿಸ್ಕ್ ಒಯ್ದರೆ ಇಲ್ಲಿ ಕೊಟ್ಟ ಅಕ್ಷರ ಅಲ್ಲಿ ಇರುವುದಿಲ್ಲ. ಅಲ್ಲಿಯೂ ಒಮ್ಮೆ ಕೊಡಬೇಕು.

ನಿಜವಾದ ತೊಡಕು ಬೇರೆ ಇದೆ. ರಿಜಿಸ್ಟ್ರಿಯಲ್ಲಿ ದಾಖಲೆ ಇದ್ದ ಮಾತ್ರಕ್ಕೆ ಆ ಅಕ್ಷರ ಕಾಯ್ದಿರಿಸಿದಂತೆ ಅಲ್ಲ. ನಿಮ್ಮ ಡಿಸ್ಕ್ ಕಳಚಿಟ್ಟಿರುವಾಗ ವಿಂಡೋಸ್ ಪಾಲಿಗೆ ಅದರ ಅಕ್ಷರ ಖಾಲಿ. ಆ ಹೊತ್ತಿಗೆ ಹೊಸ ಪೆನ್ ಡ್ರೈವ್ ಚುಚ್ಚಿದರೆ ಸಿ ನಂತರ ಮೊದಲು ಸಿಗುವ ಖಾಲಿ ಅಕ್ಷರ ಅದಕ್ಕೆ ಹೋಗುತ್ತದೆ. ಆಮೇಲೆ ನಿಮ್ಮ ಡಿಸ್ಕ್ ಬಂದರೆ ಮುಂದಿನದಕ್ಕೆ ಸರಿಯಬೇಕು.

ಯಾವ ಅಕ್ಷರ ಆರಿಸಬೇಕು?

ವಿಂಡೋಸ್ ತಾನಾಗಿ ಹಂಚುವುದು ಡಿ ಕಡೆಯಿಂದ ಮೇಲಕ್ಕೆ. ನೆಟ್‌ವರ್ಕ್ ಡ್ರೈವ್ ಮ್ಯಾಪ್ ಮಾಡುವ ಕಿಟಕಿ ಸೂಚಿಸುವುದು ಝಡ್ ಕಡೆಯಿಂದ ಕೆಳಕ್ಕೆ. ಎರಡೂ ಕಡೆಯ ಸಾಲು ಸಾಮಾನ್ಯವಾಗಿ ತಲುಪದ ಜಾಗ ನಡುವಿನದು, ಹೆಚ್ಚು ಕಡಿಮೆ ಎಂ ನಿಂದ ಟಿ ವರೆಗೆ. ಕೊನೆಯ ಅಕ್ಷರವೇ ಸುರಕ್ಷಿತ ಎಂದು ಝಡ್ ಕೊಡುವವರು ಬಹಳ. ಆಫೀಸಿನ ನೆಟ್‌ವರ್ಕಿಗೆ ಸೇರಿದ ಕಂಪ್ಯೂಟರಿನಲ್ಲಿ ಮೊದಲು ಜಗಳಕ್ಕೆ ಬೀಳುವುದೇ ಅದು. ಎ ಮತ್ತು ಬಿ ಫ್ಲಾಪಿ ಕಾಲದವು. ಕೈಯಾರೆ ಕೊಡಬಹುದು, ತಾನಾಗಿ ಯಾವ ಯುಎಸ್‌ಬಿ ಡಿಸ್ಕಿಗೂ ಸಿಗುವುದಿಲ್ಲ. ಆದರೂ ಕೆಲವು ಹಳೆಯ ಪ್ರೋಗ್ರಾಮ್‌ಗಳು ಅವನ್ನು ಫ್ಲಾಪಿ ಎಂದೇ ನೋಡುತ್ತವೆ, ಬಿಟ್ಟುಬಿಡುವುದು ಒಳ್ಳೆಯದು.

ಪ್ರತಿ ಡಿಸ್ಕಿಗೂ ಬೇರೆ ಅಕ್ಷರ ಇರಲಿ. ಬ್ಯಾಕಪ್‌ಗೆಂದು ಎರಡು ಡಿಸ್ಕ್ ಸರದಿಯಲ್ಲಿ ಬಳಸುವವರು ಬೇಕೆಂದೇ ಎರಡಕ್ಕೂ ಒಂದೇ ಅಕ್ಷರ ಕೊಡಲು ನೋಡುತ್ತಾರೆ. ಒಂದು ಅಕ್ಷರದ ಎದುರು ರಿಜಿಸ್ಟ್ರಿ ಇಟ್ಟುಕೊಳ್ಳುವುದು ಒಂದೇ ಗುರುತು. ಎರಡನೆಯದಕ್ಕೆ ಕೊಟ್ಟಾಗ ಮೊದಲನೆಯದು ಅಳಿಸಿಹೋಗುತ್ತದೆ.

ಅಕ್ಷರ ಕೊಡುವ ಕ್ರಮ

ಅಡ್ಮಿನ್ ಖಾತೆ ಬೇಕು. ಡಿಸ್ಕ್ ಜೋಡಿಸಿ, ಅದರಲ್ಲಿನ ಫೈಲುಗಳನ್ನೆಲ್ಲ ಮುಚ್ಚಿ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಆ ಕಿಟಕಿಯ ಕೆಳಭಾಗದ ಚಿತ್ರದಲ್ಲಿ ಡಿಸ್ಕಿನ ಗಾತ್ರ, ಲೇಬಲ್ (ಹೆಸರು) ಎರಡನ್ನೂ ನೋಡಿ ಇದೇ ಎಂದು ಖಾತ್ರಿ ಮಾಡಿಕೊಳ್ಳಿ. ಪಾರ್ಟಿಷನ್ ಮೇಲೆ ರೈಟ್ ಕ್ಲಿಕ್ ಮಾಡಿ ಚೇಂಜ್ ಡ್ರೈವ್ ಲೆಟರ್ ಆ್ಯಂಡ್ ಪಾತ್ಸ್ ಆರಿಸಿ, ಚೇಂಜ್ ಒತ್ತಿ, ಪಟ್ಟಿಯಿಂದ ಆರ್ ಅಥವಾ ಪಿ ತೆಗೆದುಕೊಂಡು ಓಕೆ ಕೊಡಿ. ಅಕ್ಷರವನ್ನೇ ನಂಬಿದ ಪ್ರೋಗ್ರಾಮ್‌ಗಳು ಕೆಡಬಹುದು ಎಂಬ ಎಚ್ಚರಿಕೆ ಬರುತ್ತದೆ, ಯೆಸ್ ಒತ್ತಿ. ಸಿ ಡ್ರೈವಿನ ತಂಟೆಗೆ ಮಾತ್ರ ಹೋಗಬೇಡಿ.

ವಾಲ್ಯೂಮ್ ಬಳಕೆಯಲ್ಲಿದೆ ಎಂಬ ಇನ್ನೊಂದು ಸಂದೇಶ ಬಂದರೆ ಯಾವುದೋ ಫೈಲ್ ಇನ್ನೂ ತೆರೆದಿದೆ ಎಂದರ್ಥ. ಮುಂದುವರಿದರೆ ಹೊಸ ಅಕ್ಷರ ಸಿಗುತ್ತದೆ, ಹಳೆಯದೂ ರೀಸ್ಟಾರ್ಟ್ ತನಕ ನಡೆಯುತ್ತದೆ. ಕೆಲಸ ಕೆಡುವುದಿಲ್ಲ, ಆದರೆ ಒಂದೇ ಡಿಸ್ಕ್ ಎರಡು ಹೆಸರಲ್ಲಿ ಸಿಗುವುದು ಗೊಂದಲಕ್ಕೆ ದಾರಿ. ಫೈಲ್ ಮುಚ್ಚಿ ಮತ್ತೆ ಮಾಡುವುದೇ ಮೇಲು. ಕಿಟಕಿಯಲ್ಲಿನ ಮಾಹಿತಿ ಹಳೆಯದಾಗಿದೆ ಎಂಬ ದೂರು ಬಂದರೆ ಆ್ಯಕ್ಷನ್ ಮೆನುವಿನ ರೀಸ್ಕ್ಯಾನ್ ಡಿಸ್ಕ್ಸ್ ಸಾಕು.

ಕಮ್ಯಾಂಡ್ ಒಗ್ಗಿದವರಿಗೆ ಡಿಸ್ಕ್‌ಪಾರ್ಟ್ ಇದೆ: ಲಿಸ್ಟ್ ವಾಲ್ಯೂಮ್, ಆಮೇಲೆ ಸೆಲೆಕ್ಟ್ ವಾಲ್ಯೂಮ್ ಮತ್ತು ಅದರ ಸಂಖ್ಯೆ, ಕೊನೆಗೆ ಅಸೈನ್ ಲೆಟರ್=ಆರ್. ಸಂಖ್ಯೆ ತಪ್ಪದಿರಲಿ.

ಜೊತೆಗೇ ಡಿಸ್ಕಿಗೆ ಒಂದು ಲೇಬಲ್ ಕೊಡಿ. ಅಕ್ಷರದಂತಲ್ಲದೆ ಲೇಬಲ್ ಡಿಸ್ಕಿನ ಮೇಲೇ ಇರುತ್ತದೆ, ಎಲ್ಲಿ ಹೋದರೂ ಜೊತೆಗೆ ಬರುತ್ತದೆ. ಡಿಸ್ಕಿನ ಫಾರ್ಮ್ಯಾಟ್ ಎನ್‌ಟಿಎಫ್‌ಎಸ್ ಆದರೆ 32, ಎಕ್ಸ್‌ಫ್ಯಾಟ್ ಆದರೆ 11 ಅಕ್ಷರಗಳ ಮಿತಿ.

ಆದರೂ ಬದಲಾದರೆ

ಕೆಲವು ಅಗ್ಗದ ಪೆನ್ ಡ್ರೈವ್‌ಗಳಿಗೆ ಸೀರಿಯಲ್ ನಂಬರೇ ಇರುವುದಿಲ್ಲ. ಆಗ ವಿಂಡೋಸ್ ಯಾವ ಪೋರ್ಟಿಗೆ ಚುಚ್ಚಿದ್ದೀರಿ ಎಂಬುದನ್ನು ಸೇರಿಸಿ ಗುರುತು ಕಟ್ಟುತ್ತದೆ. ಎಡಗಡೆಯ ಪೋರ್ಟಿನಲ್ಲಿ ಕೊಟ್ಟ ಅಕ್ಷರ ಬಲಗಡೆ ಸಿಗುವುದಿಲ್ಲ. ಅಂಥದ್ದಕ್ಕೆ ಒಂದೇ ಪೋರ್ಟ್ ಮೀಸಲಿಡಿ. ಹಲವು ಸ್ಲಾಟಿನ ಕಾರ್ಡ್ ರೀಡರ್ ಸ್ಲಾಟಿಗೊಂದು ಅಕ್ಷರ ಹಿಡಿಯಬಹುದು. ಅದರ ಅಕ್ಷರಗಳನ್ನೂ ನೀವೇ ನಿಗದಿ ಮಾಡಿದರೆ ಡಿ ಕಡೆಯ ಅಕ್ಷರಗಳು ಖಾಲಿ ಉಳಿಯುತ್ತವೆ.

ಎಂಬಿಆರ್ ಡಿಸ್ಕನ್ನು ಕ್ಲೋನ್ ಮಾಡಿ ಮೂಲ ಮತ್ತು ನಕಲು ಎರಡನ್ನೂ ಒಟ್ಟಿಗೆ ಜೋಡಿಸಿದರೆ ಸಿಗ್ನೇಚರ್ ಒಂದೇ ಆಗಿ ಒಂದು ಡಿಸ್ಕ್ ಆಫ್‌ಲೈನ್ ಆಗುತ್ತದೆ. ಅದನ್ನು ಆನ್‌ಲೈನ್ ಮಾಡಿದ ಕ್ಷಣ ವಿಂಡೋಸ್ ಅದಕ್ಕೆ ಹೊಸ ಸಿಗ್ನೇಚರ್ ಬರೆಯುತ್ತದೆ, ಹಳೆಯ ಅಕ್ಷರ ಆ ಡಿಸ್ಕಿಗೆ ತಪ್ಪುತ್ತದೆ. ಆನ್‌ಲೈನ್ ಮಾಡುವ ಮೊದಲು ಅದು ಮೂಲವೋ ನಕಲೋ ನೋಡಿಕೊಳ್ಳಿ.

ಹಳೆಯ ದಾಖಲೆಗಳೇ ರಾಶಿ ಬಿದ್ದಿದ್ದರೆ ಬೇಕಾದ ಡಿಸ್ಕ್‌ಗಳನ್ನೆಲ್ಲ ಜೋಡಿಸಿಟ್ಟು, ಅಡ್ಮಿನ್ ಕಮ್ಯಾಂಡ್ ಪ್ರಾಂಪ್ಟಿನಲ್ಲಿ ಮೌಂಟ್‌ವಾಲ್ ಸ್ಲ್ಯಾಶ್ ಆರ್ (mountvol /r) ಓಡಿಸಿ. ಆ ಹೊತ್ತಿಗೆ ಕಂಪ್ಯೂಟರಿನಲ್ಲಿ ಇಲ್ಲದವುಗಳ ದಾಖಲೆ ಅಳಿಯುತ್ತದೆ. ಜೋಡಿಸಲು ಮರೆತ ಡಿಸ್ಕಿನದೂ ಅಳಿಯುತ್ತದೆ ಎನ್ನುವುದು ನೆನಪಿರಲಿ.

ಅಕ್ಷರವೇ ಬೇಡವೆಂದರೆ

ಅದೇ ಡಿಸ್ಕ್ ಮ್ಯಾನೇಜ್‌ಮೆಂಟ್ ಕಿಟಕಿಯಲ್ಲಿ ಆ್ಯಡ್ ಒತ್ತಿ, ಸಿ ಡ್ರೈವಿನ ಒಂದು ಖಾಲಿ ಫೋಲ್ಡರಿಗೆ ಡಿಸ್ಕನ್ನು ಮೌಂಟ್ ಮಾಡಬಹುದು, ಅಂದರೆ ಆ ಫೋಲ್ಡರ್ ತೆರೆದರೆ ಡಿಸ್ಕೇ ತೆರೆಯುವಂತೆ ಜೋಡಿಸಬಹುದು. ಆ ಫೋಲ್ಡರ್ ಇರುವ ಡ್ರೈವ್ ಎನ್‌ಟಿಎಫ್‌ಎಸ್ ಆಗಿರಬೇಕು, ಅಷ್ಟೇ. ಬ್ಯಾಕಪ್ ಡಿಸ್ಕಿಗೆ ನಮ್ಮ ಮತ ಇದಕ್ಕೇ. ಡಿಸ್ಕ್ ಇಲ್ಲದಾಗ ಫೋಲ್ಡರ್ ತೆರೆಯದೆ ಎರರ್ ಕೊಡುತ್ತದೆ, ಬೇರೆ ಪೆನ್ ಡ್ರೈವ್ ಬಂದು ಆ ದಾರಿಯಲ್ಲಿ ಕೂರುವ ಮಾತೇ ಇಲ್ಲ. ಮುಂದೆ ಬೇಡವಾದಾಗ ಇದೇ ಕಿಟಕಿಯ ರಿಮೂವ್‌ನಿಂದ ತೆಗೆಯಿರಿ. ಎಕ್ಸ್‌ಪ್ಲೋರರಿನಲ್ಲಿ ಫೋಲ್ಡರ್ ಡಿಲೀಟ್ ಮಾಡಲು ಹೋಗಬೇಡಿ, ಒಳಗಿರುವುದು ನಿಜವಾದ ಫೈಲುಗಳು.

ಅಕ್ಷರವನ್ನೇ ಬಳಸುವ ಬ್ಯಾಕಪ್ ಸ್ಕ್ರಿಪ್ಟಿಗೆ, ಅದರಲ್ಲೂ ವಿಂಡೋಸ್‌ನದೇ ಕಾಪಿ ಕಮ್ಯಾಂಡ್ ಆದ ರೋಬೊಕಾಪಿಯ ಮಿರರ್ ಆಯ್ಕೆಗೆ, ಒಂದು ಕಾವಲು ಬೇಕೇ ಬೇಕು. ಮಿರರ್ ಎಂದರೆ ಮೂಲದಲ್ಲಿ ಇಲ್ಲದ್ದನ್ನೆಲ್ಲ ಗುರಿಯಲ್ಲಿ ಅಳಿಸುವುದು. ಆರ್ ಜಾಗದಲ್ಲಿ ಬೇರೆ ಡಿಸ್ಕ್ ಕೂತಿದ್ದರೆ ಅದರ ಫೈಲುಗಳೇ ಹೋಗುತ್ತವೆ. ಬ್ಯಾಕಪ್ ಡಿಸ್ಕಿನಲ್ಲಿ, ಯಾವ ಫೋಲ್ಡರಿನ ಒಳಗೂ ಅಲ್ಲದೆ ಎಲ್ಲಕ್ಕಿಂತ ಮೇಲಿನ ಹಂತದಲ್ಲಿ, ಬೇರೆಲ್ಲೂ ಇರದ ಹೆಸರಿನ ಒಂದು ಪುಟ್ಟ ಟೆಕ್ಸ್ಟ್ ಫೈಲ್ ಇಡಿ. ಸ್ಕ್ರಿಪ್ಟಿನ ಮೊದಲ ಸಾಲು ಅದು ಇದೆಯೇ ಎಂದು ಇಫ್ ನಾಟ್ ಎಕ್ಸಿಸ್ಟ್‌ನಿಂದ ನೋಡಲಿ, ಇಲ್ಲದಿದ್ದರೆ ಅಲ್ಲೇ ನಿಲ್ಲಲಿ. ಬ್ಯಾಕಪ್ಪಿನ ಗುರಿಯಾಗಿ ಡಿಸ್ಕಿನ ಆ ಮೇಲಿನ ಹಂತವನ್ನು ಕೊಡದೆ ಒಳಗಿನ ಒಂದು ಫೋಲ್ಡರನ್ನು ಕೊಡಿ. ಇಲ್ಲವಾದರೆ ಮೊದಲ ಬ್ಯಾಕಪ್ಪಿನಲ್ಲೇ ಮಿರರ್ ಈ ಗುರುತಿನ ಫೈಲನ್ನೂ ಅಳಿಸಿಹಾಕುತ್ತದೆ.